ಗದಗಿನ ಗಡಸು ನೀರಿನಲ್ಲಿ ಪಾಚಿ ಗ್ಯಾಸು

ಇಂಧನಕ್ಕೆಂದು ಪಾಚಿ ಬೆಳೆಸುವುದು ಸುಲಭ, ನೀರಿನಿಂದ ಅದನ್ನು ಬೇರ್ಪಡಿಸುವಷ್ಟರಲ್ಲಿ ಕಿಸೆ ಖಾಲಿ. ತೆರೆದ ಹೊಂಡದಲ್ಲಿ ಲೀಟರಿಗೆ ಅರ್ಧ ಗ್ರಾಂ ಒಣ ಪಾಚಿ ಸಿಕ್ಕರೆ ಪುಣ್ಯ. ಅಮೆರಿಕ ಸರಕಾರ 1978ರಿಂದ 1996ರವರೆಗೆ ಪಾಚಿ ಡೀಸೆಲ್ ಹಿಂದೆ ಬಿದ್ದು ಕೊನೆಗೆ ಕೈಬಿಟ್ಟಿತು. "ಅವರ ಕೈಲೇ ಆಗಲಿಲ್ಲ, ನೀ ಏನ್ ತಗೀತಿ ತಮ್ಮಾ?" ಎಂದು ಪಕ್ಕದ ಹೊಲದ ಕಾಕಾ ಕೇಳಿದ್ದರು.

ಮೊದಲು ನಾನೂ ಡೀಸೆಲ್ಲಿಗೇ ಹೋದೆ. ನೀರಿನಿಂದ ಪಾಚಿ ಬೇರ್ಪಡಿಸಲು ಹಾಲಿನ ಕೆನೆ ತೆಗೆಯುವ ಹಳೇ ಕ್ರೀಮ್ ಸೆಪರೇಟರ್, ಪಾಚಿಯಿಂದ ಎಣ್ಣೆ ತೆಗೆಯಲು ಹೆಕ್ಸೇನ್, ಎಣ್ಣೆಯನ್ನು ಡೀಸೆಲ್ ಮಾಡಲು ಮೆಥನಾಲ್ ಎಲ್ಲಾ ಸೇರಿ ನಲವತ್ತು ಸಾವಿರದ ಆಸುಪಾಸು ಹೋಯಿತು. ಮೋಡದ ದಿನ ಪಾಚಿ ಸರಿಯಾಗಿ ಒಣಗದು. ಅಂಥ ಒದ್ದೆ ಪಾಚಿಯ ಎಣ್ಣೆಗೆ ಕಾಸ್ಟಿಕ್ ಪೊಟ್ಯಾಶ್ ಎಂಬ ಕ್ಷಾರ ಸೇರಿದರೆ ಸಿಗುವುದು ಹಸಿರು ಸಾಬೂನು. ಡೀಸೆಲ್ ಎನ್ನುವಂಥದ್ದು ಒಂದು ಕ್ವಾರ್ಟರ್ ಬಾಟ್ಲಿಯೂ ತುಂಬಲಿಲ್ಲ.

ಒಣಗಿಸುವುದೇ ಬೇಡ, ಹಸಿಯಾಗಿಯೇ ಗೋಬರ್ ಗ್ಯಾಸಿಗೆ ಹಾಕೋಣ ಎಂದುಕೊಂಡ ಮೇಲೆ ದಾರಿ ತೆರೆಯಿತು. ಸೆಪರೇಟರ್ ಬದಲು ಸುಣ್ಣ. ನಮ್ಮ ಬೋರಿನ ನೀರು ಕೊಡಕ್ಕೆ ಬಿಳಿ ಪದರು ಕಟ್ಟಿಸುವಷ್ಟು ಗಡಸು, ಎಲ್ಲರೂ ಬೈಯುವಂಥದ್ದು. ತಿಳಿ ಸುಣ್ಣ ಹಾಕಿ ಪಿಎಚ್ (ನೀರಿನ ಕ್ಷಾರದ ಅಳತೆ) ಹತ್ತೂವರೆ ದಾಟಿಸಿದರೆ ನೀರೊಳಗಿನ ಮೆಗ್ನೀಸಿಯಂ ಹಿಂಜಿದ ಹತ್ತಿಯಂತೆ ಬೆಳ್ಳಗಾಗಿ ಇಳಿಯುತ್ತದೆ, ಪಾಚಿಯನ್ನೂ ಎಳೆದುಕೊಂಡೇ ಇಳಿಯುತ್ತದೆ. ರಾತ್ರಿ ಬಿಟ್ಟರೆ ಬೆಳಿಗ್ಗೆ ಮೇಲೆ ತಿಳಿನೀರು, ತಳದಲ್ಲಿ ದಪ್ಪ ರಾಡಿ. ಸುಣ್ಣಕ್ಕೆ ಖರ್ಚಾದದ್ದು ಚಹಾದ ದುಡ್ಡು.

ಬರೀ ಪಾಚಿ ಹಾಕಿದರೆ ಸಾರಜನಕ ಜಾಸ್ತಿಯಾಗಿ ಅಮೋನಿಯಾ ವಾಸನೆ ಹೊಡೆಯುತ್ತದೆ, ಗ್ಯಾಸು ಕುಸಿಯುತ್ತದೆ. ಸಗಣಿ ಜೊತೆ ಗೋವಿನಜೋಳದ ದಂಟಿನ ಪುಡಿಯೂ ಬೇಕು. ಅಳತೆ ನನ್ನಲ್ಲೇ ಇರಲಿ. ಪಾಚಿಯ ಗಟ್ಟಿ ಗೋಡೆ ಒಡೆಯಲು ರಾಡಿಯನ್ನು ಬಿಸಿ ಮಾಡುತ್ತೇನೆ, ಡೀಸೆಲ್ ಎಂಜಿನ್ನನ್ನು ತಂಪಾಗಿಸಿ ಬರುವ ಬಿಸಿನೀರಿನಿಂದಲೇ. ಎಷ್ಟು ಹೊತ್ತು ಎಂಬುದನ್ನೂ ಬರೆಯುವುದಿಲ್ಲ.

ನಡುವೆ ಒಂದು ಚಟ ಹತ್ತಿತು. ಸುಣ್ಣದ ತಿಳಿನೀರನ್ನು ಹೊಂಡಕ್ಕೆ ವಾಪಸ್ ಬಿಡುವ ಮೊದಲು ಮುಚ್ಚಿದ ಡ್ರಮ್ಮಿನಲ್ಲಿ ಅದರೊಳಗೇ ಗ್ಯಾಸು ಹಾಯಿಸಿದೆ. ಗ್ಯಾಸಿನೊಳಗಿನ ಇಂಗಾಲಾಮ್ಲ ನೀರಿಗೆ ಇಳಿದು ಪಿಎಚ್ ತಗ್ಗಿತು, ಪಾಚಿಗೆ ಅದೇ ಊಟ. ಕೊಳೆತ ಮೊಟ್ಟೆಯ ವಾಸನೆಯೂ ಹೋಯಿತು. ಒತ್ತಡ ಸಾಲದಾದಾಗ ಗ್ಯಾಸಿನ ಡೋಮಿನ ಮೇಲೆ ಕಲ್ಲು ಹೇರಿದೆ.

ಈಗ ಬರೀ ಸಗಣಿ ಹಾಕಿದ್ದಕ್ಕಿಂತ ಒಂದೂವರೆ ಪಟ್ಟು ಗ್ಯಾಸು. ಐದು ಎಚ್‌ಪಿ ಡೀಸೆಲ್ ಎಂಜಿನ್ನು ತಾಸಿಗೆ ಒಂದು ಲೀಟರ್ ಡೀಸೆಲ್ ಕುಡಿಯುತ್ತಿದ್ದದ್ದು, ಗ್ಯಾಸೂ ಸೇರಿಸಿದ ಮೇಲೆ ಮೂರರಲ್ಲೊಂದು ಭಾಗಕ್ಕೆ ಇಳಿದಿದೆ. ಹೊಂಡದ ತಾಡಪತ್ರಿ, ಹುಬ್ಬಳ್ಳಿಯ ತಾರಿಹಾಳದಲ್ಲಿ ವೆಲ್ಡ್ ಮಾಡಿಸಿದ, ಹೊಂಡದ ನೀರು ಕಲಕುವ ಪ್ಯಾಡಲ್ ಚಕ್ರ ಇನ್ನೂ ದುಡಿದು ತೀರಿಸಿಲ್ಲ.

ಧಾರವಾಡದ ಗೆಳೆಯರೊಬ್ಬರು ಕೃಷಿಹೊಂಡದ ಮಳೆನೀರಲ್ಲಿ ಮಾಡಿ "ಪಾಚಿ ತಳಕ್ಕೆ ಇಳಿಯಲೇ ಒಲ್ಲದು" ಅಂದರು. ಮಳೆನೀರಲ್ಲಿ ಮೆಗ್ನೀಸಿಯಂ ಎಲ್ಲಿಂದ ಬರಬೇಕು? ಗೊಬ್ಬರದಂಗಡಿಯ ಎಪ್ಸಮ್ ಉಪ್ಪು ಒಂದು ಹಿಡಿ ಹಾಕಿರಿ ಅಂದೆ. ಮರುದಿನ ತಳದ ರಾಡಿಯ ಫೋಟೋ ಕಳಿಸಿದರು.