ಕೊಂಡ ಪತ್ರವಿಲ್ಲದ ಜಮೀನೇ ತಂದೆಯನ್ನು ತೋರಿಸಿತು

ನನ್ನ ಯಜಮಾನರ ವಂಶದಲ್ಲಿ ಏಳು ತಲೆಮಾರು ಹಿಂದಿನ ಪೂರ್ವಜನೊಬ್ಬ ವರ್ಜೀನಿಯಾದ ಪಿಟ್ಸಿಲ್ವೇನಿಯಾ ಕೌಂಟಿಯಲ್ಲಿ ಬೇಸಾಯ ಮಾಡಿಕೊಂಡಿದ್ದನು. ಅವನ ತಂದೆ ಯಾರೆಂಬುದು ದಾಖಲೆಯಿಂದ ತೀರ್ಮಾನವಾಗುವ ಸಂಗತಿಯಲ್ಲವೆಂದು ಮನೆಯವರೂ, ನನಗಿಂತ ಮೊದಲು ಹುಡುಕಿ ಕೈಬಿಟ್ಟವರೂ ಹೇಳುತ್ತಲೇ ಬಂದಿದ್ದರು. ಒಂಬತ್ತು ವರ್ಷ ಮತ್ತು ಸುಮಾರು ಮೂರು ಸಾವಿರ ಡಾಲರ್ ಕಳೆದ ಮೇಲೆ ಅದು ತೀರ್ಮಾನವಾಗಿದೆ.

ಆ ಸೀಮೆಯಲ್ಲಿ ಒಂದೇ ಹೆಸರಿನ ಇಬ್ಬರು ಹಿರಿಯರಿದ್ದರು. ಸಿರಿವಂತನು ಉಯಿಲು ಬರೆದಿಟ್ಟು ಸತ್ತಿದ್ದು, ಅದರಲ್ಲಿ ನಮ್ಮವನ ಹೆಸರಿನ ಮಗನೊಬ್ಬನೂ ಇದ್ದುದರಿಂದ, ಎಲ್ಲರೂ ಕಣ್ಣು ಮುಚ್ಚಿಕೊಂಡು ಅವನನ್ನೇ ವಂಶವೃಕ್ಷಕ್ಕೆ ಸೇರಿಸಿಕೊಂಡಿದ್ದರು. ಬಡವನು ಉಯಿಲಿಲ್ಲದೆ ಸತ್ತವನು. ಅವನನ್ನು ಕೇಳಿದವರೇ ಇಲ್ಲ.

ಮೊದಲ ಪೆಟ್ಟು ಬಿದ್ದದ್ದು ಕಿಸೆಗೆ. ವೃತ್ತಿಪರ ಸಂಶೋಧಕರೊಬ್ಬರಿಗೆ ಸಾವಿರದ ಇನ್ನೂರು ಡಾಲರ್ ಕೊಟ್ಟೆ; ಅವರ ವರದಿ ಆ ಉಯಿಲನ್ನೇ ನನಗೆ ಮರಳಿ ತೋರಿಸಿತು. ಮೂವರು ಸೋದರ ಸಂಬಂಧಿಗಳ ಸಾಮಾನ್ಯ ಡಿಎನ್‌ಎ ಪರೀಕ್ಷೆಗೆ ಇನ್ನೂರೈವತ್ತರಷ್ಟು ಹೋಯಿತು. ಏಳನೆಯ ತಲೆಮಾರಿನ ಪಾಲು ನೂರಕ್ಕೆ ಒಂದಕ್ಕಿಂತ ಕಡಿಮೆಯಾಗಿರುವಾಗ ಅದರಿಂದ ಖಚಿತವಾಗಿ ಏನನ್ನೂ ಹೇಳಲಾಗದೆಂಬುದು ನನಗೆ ಮೊದಲೇ ಹೊಳೆಯಬೇಕಿತ್ತು. ಬಳಿಕ, ತಂದೆಯಿಂದ ಮಗನಿಗೆ ಮಾತ್ರ ಇಳಿದು ಬರುವ ವೈ ವರ್ಣತಂತುವನ್ನು ನೋಡುವ ಸುಮಾರು ನಾನೂರೈವತ್ತು ಡಾಲರಿನ ವೈ ಪರೀಕ್ಷೆ ಮಾಡಿಸಿದಾಗ ಸಿರಿವಂತನ ವಂಶಸ್ಥರೊಂದಿಗೆ ಹೊಂದಾಣಿಕೆ ಸಿಕ್ಕಿತು. ಮಾವನವರು ಸಂಭ್ರಮಪಟ್ಟರು, ಒಂದು ತಿಂಗಳು ನಾನೂ ನಂಬಿದ್ದೆ. ಆದರೆ ಇಬ್ಬರು ಹಿರಿಯರೂ ದಾಯಾದಿಗಳಾಗಿದ್ದರೆ ಇಬ್ಬರ ವೈ ಕೂಡ ಒಂದೇ ಅಲ್ಲವೇ?

ನಡುವೆ ಒಂದು ಹುಚ್ಚು ಪ್ರಯೋಗವನ್ನೂ ಮಾಡಿದೆ. 1782ರಿಂದ ಸಿಗುವ ತೆರಿಗೆ ಪಟ್ಟಿಗಳಲ್ಲಿ ಕುದುರೆ, ದನಗಳ ಲೆಕ್ಕವಿರುವುದರಿಂದ, ಒಂದೇ ಹೆಸರಿನ ಕಿರಿಯರಿಬ್ಬರನ್ನು ಅವರ ಕುದುರೆಗಳ ಸಂಖ್ಯೆಯಿಂದಲೇ ಬೇರ್ಪಡಿಸಲು ಹೊರಟೆ. ಎರಡು ವರ್ಷ ಒಬ್ಬನಿಗೆ ಎರಡು, ಇನ್ನೊಬ್ಬನಿಗೆ ಐದು ಇದ್ದವು. ಮೂರನೆಯ ವರ್ಷ ಇಬ್ಬರಿಗೂ ಮೂರು ಮೂರಾದವು. ಎರಡು ವಾರದ ರಾತ್ರಿಗಳು ದಂಡವಾದವು.

ನಾನು ಶಾನುಭೋಗರ ಮನೆಯ ಮಗಳು. ಚಕ್ಕುಬಂದಿ ಓದುವುದನ್ನು ತಾತನ ಪಕ್ಕದಲ್ಲಿ ಕುಳಿತು ಕಲಿತವಳು. ನಮ್ಮವನು 1784ರ ಸುಮಾರಿಗೆ ಮಾರಿದ ನೂರೈವತ್ತು ಎಕರೆಗೆ ಕೊಂಡ ಪತ್ರವೇ ಇಲ್ಲವೆಂಬುದು ಕಣ್ಣಿಗೆ ಬಿದ್ದೊಡನೆ ಉಳಿದದ್ದನ್ನೆಲ್ಲ ಬದಿಗಿಟ್ಟೆ; ಕೊಂಡದ್ದಲ್ಲವಾದರೆ ಅದು ಹಿರಿಯರಿಂದ ಬಂದದ್ದಿರಬೇಕಲ್ಲ. ಆ ಕೌಂಟಿ 1767ರಲ್ಲಿ ಹ್ಯಾಲಿಫ್ಯಾಕ್ಸ್‌ನಿಂದ, ಹ್ಯಾಲಿಫ್ಯಾಕ್ಸ್ 1752ರಲ್ಲಿ ಲುನೆನ್‌ಬರ್ಗ್‌ನಿಂದ ಒಡೆದು ಬಂದವು. ಹಾಗೆಯೇ ಹಿಂದೆ ಹಿಂದೆ ಹೋದಾಗ, ಲುನೆನ್‌ಬರ್ಗ್ ಎಂದು ನಮೂದಾದ ಪಟ್ಟಾವೊಂದು ಬಡವನ ಹೆಸರಿನಲ್ಲಿ ಸಿಕ್ಕಿತು. ಹದಿನಾರೂವರೆ ಅಡಿಯ ‘ಪೋಲ್’ ಎಂಬ ಹಳೆಯ ಅಳತೆಯ ಲೆಕ್ಕದಲ್ಲಿ ಎರಡೂ ಪತ್ರಗಳ ನಕ್ಷೆ ಬರೆದು ಒಂದರ ಮೇಲೊಂದಿಟ್ಟೆ. ಹಳ್ಳದ ಹೆಸರು ಬದಲಾಗಿತ್ತು, ಗುರುತಿನ ಓಕ್ ಮರಗಳು ಬದಲಾಗಿದ್ದವು, ಗೆರೆಗಳು ಮಾತ್ರ ಕೂಡಿದವು. ಮರಗಳ ಗೊಂದಲವನ್ನು ಬಿಡಿಸಿದ ಬಗೆಯನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

1787ಕ್ಕೆ ಮೊದಲು ಅಲ್ಲಿ ಉಯಿಲಿಲ್ಲದೆ ಸತ್ತವನ ಜಮೀನು ಹಿರಿಯ ಮಗನಿಗೇ ಇಡಿಯಾಗಿ ಸೇರುತ್ತಿತ್ತು; ಹಾಗಾಗಿ ಅದನ್ನು ಮಾರಿದ ನಮ್ಮವನು ಬಡವನ ಹಿರಿಯ ಮಗನೇ ಇರಬೇಕು. ಬಡವನಿಗೆ ಮಕ್ಕಳಿಲ್ಲದಿದ್ದರೆ ತಮ್ಮನಿಗೋ ಅಣ್ಣನ ಮಗನಿಗೋ ಹೋಗಿರಬಹುದಲ್ಲ ಎಂದು ಆಕ್ಷೇಪ ಬಂತು. ಅದು ನ್ಯಾಯವಾದ ಆಕ್ಷೇಪವೇ. ಅದಕ್ಕೆ ಉತ್ತರ ಕೋರ್ಟಿನ ಆದೇಶ ಪುಸ್ತಕದ ಒಂದೂವರೆ ಸಾಲಿನಲ್ಲಿತ್ತು: ನಮ್ಮವನ ಹೆಸರಿನ ಹುಡುಗ, ತೀರಿಕೊಂಡ ಇಂಥವನ ಮಗ, ತನ್ನ ಪೋಷಕನನ್ನು ತಾನೇ ಆರಿಸಿಕೊಂಡನು. ಆ ದಿನ ಸಿರಿವಂತನು ಇನ್ನೂ ಬದುಕಿದ್ದನು; ತಂದೆಯನ್ನು ಕಳೆದುಕೊಂಡ ಆ ಹುಡುಗ ಅವನ ಮಗನಾಗಿರಲಾರ.

ಮತ್ತೆ ಕ್ರಯಪತ್ರಕ್ಕೆ ಮರಳಿದಾಗ, ಮೊದಲ ಓದಿನಲ್ಲಿ ನಾನು ದಾಟಿಹೋಗಿದ್ದ ಕೊನೆಯ ಸಾಲು ಕಂಡಿತು. ನಮ್ಮವನ ಹೆಂಡತಿಯ ಹೆಸರಿನ ಕೆಳಗೆ ಇನ್ನೊಬ್ಬ ಹೆಂಗಸು ಅದೇ ಜಮೀನಿನಲ್ಲಿ ಬಡವನ ವಿಧವೆಯಾಗಿ ತನಗಿದ್ದ ಮೂರನೆಯ ಒಂದು ಪಾಲನ್ನು ಬಿಟ್ಟುಕೊಟ್ಟಿದ್ದಳು. ಗುಮಾಸ್ತನು ಅವಳ ಹೆಸರನ್ನು ಎರಡು ತುಂಡಾಗಿ ಬರೆದು, ನಡುವೆ ಸಹಿಯ ಬದಲಿಗೆ ಅವಳ ಗುರುತಾದ ಗುಣಾಕಾರ ಚಿಹ್ನೆಯನ್ನು ಹಾಕಿದ್ದನು. ಅವಳ ತವರಿನ ಹೆಸರು ಇನ್ನೂ ಸಿಕ್ಕಿಲ್ಲ. ಅದಕ್ಕೆಂದು ಇನ್ನೂರು ಡಾಲರ್ ಎತ್ತಿಟ್ಟಿದ್ದೇನೆ, ಈ ಬಾರಿ ಮಾವನವರೂ ಅರ್ಧ ಹಾಕಿದ್ದಾರೆ.