ಹಳೆ ಟ್ರ್ಯಾಕ್ಟರಿನ ಪವರ್ ಸ್ಟೇರಿಂಗ್ ಬಿಗಿಯಾದರೆ ನಾನು ಹುಡುಕುವ ಕ್ರಮ

ಸ್ಟೇರಿಂಗ್ ಬಿಗಿಯಾಯಿತು ಅಂದ ಕೂಡಲೇ ಬಹಳ ಮಂದಿ ಪಂಪಿನ ಮೇಲೆ ಬೀಳುತ್ತಾರೆ. ಹೊಸ ಪಂಪ್ ಹಾಕಿದ ಮೇಲೂ ಬಿಗಿ ಹಾಗೇ ಉಳಿದರೆ ಸ್ಟೇರಿಂಗ್ ಯೂನಿಟ್ ಬಿಚ್ಚಿಸುತ್ತಾರೆ. ನಾನು ದುಡ್ಡು ಬೇಡದ್ದನ್ನು ಮೊದಲು ನೋಡುತ್ತೇನೆ, ಯೂನಿಟ್ಟಿಗೆ ಕೊನೆಗೆ ಕೈ ಹಾಕುತ್ತೇನೆ.

ನನ್ನದು 45 ಎಚ್‌ಪಿಯ ಹಳೆ ಗಾಡಿ. ಸ್ಟೇರಿಂಗ್ ಕಾಲಮ್ಮಿನ ಬುಡದಲ್ಲಿ, ತಿರುಗಿಸಿದಷ್ಟು ಆಯಿಲನ್ನು ಸಿಲಿಂಡರಿಗೆ ಕಳಿಸುವ ಯೂನಿಟ್ (ಮೆಕ್ಯಾನಿಕ್‌ಗಳ ಬಾಯಲ್ಲಿ ಆರ್ಬಿಟ್ರೋಲ್), ಎಂಜಿನ್ನಿನ ಟೈಮಿಂಗ್ ಗೇರಿನಿಂದ ತಿರುಗುವ ಗೇರ್ ಪಂಪ್, ಮುಂದಿನ ಆಕ್ಸಲ್‌ಗೆ ಚಕ್ರ ತಿರುಗಿಸುವ ಒಂದು ಸಿಲಿಂಡರ್. ಪೈಪ್ ಎಲ್ಲ ಸೇರಿ 2 ಲೀಟರ್ ಆಯಿಲ್ ಹಿಡಿಸುತ್ತದೆ. ಸ್ಟೇರಿಂಗಿಗೂ ಚಕ್ರಕ್ಕೂ ನಡುವೆ ಇರುವುದು ಆಯಿಲ್ ಮಾತ್ರ, ಕಬ್ಬಿಣದ ಸಂಪರ್ಕವೇ ಇಲ್ಲ. ಹಾಗಾಗಿ ಗಾಡಿ ನೇರ ಹೋಗುವಾಗ ಸ್ಟೇರಿಂಗಿನ ಕಡ್ಡಿಗಳು ಒಂದೊಂದು ದಿನ ಒಂದೊಂದು ಕಡೆ ನಿಂತರೆ ಅದು ದೋಷವಲ್ಲ.

ಪಾನಾ ಹಿಡಿಯುವ ಮೊದಲು ಬಿಗಿ ಯಾವಾಗ ಬರುತ್ತದೆ ಅಂತ ಗಮನಿಸಬೇಕು. ಐಡಲ್‌ನಲ್ಲಿ ಬಿಗಿ, ರೇಸ್ ಕೊಟ್ಟರೆ ಹಗುರ ಅಂದರೆ ಆಯಿಲ್ ಸಾಕಷ್ಟು ಬರುತ್ತಿಲ್ಲ. ಬೆಳಿಗ್ಗೆ ಚೆನ್ನಾಗಿದ್ದು ಒಂದು ಗಂಟೆ ಕೆಲಸದ ಮೇಲೆ ಬಿಗಿಯಾದರೆ ಒಳಗೆ ಸವೆತ ಇದೆ, ಬಿಸಿಗೆ ತೆಳುವಾದ ಆಯಿಲ್ ಸಂದಿಯಲ್ಲಿ ಜಾರುತ್ತಿದೆ. ಎಡಕ್ಕೆ ಹಗುರ, ಬಲಕ್ಕೆ ಬಿಗಿ ಎನ್ನುವುದು ಪಂಪಿನ ದೋಷವಾಗುವುದು ಅಪರೂಪ, ಎರಡೂ ಕಡೆಗೆ ಒಂದೇ ಪಂಪ್ ತಾನೇ. ಇನ್ನೊಂದು ಲೆಕ್ಕ ಈ ತುದಿಯಿಂದ ಆ ತುದಿಗೆ ಸ್ಟೇರಿಂಗ್ ಎಷ್ಟು ಸುತ್ತು ಅನ್ನುವುದು. ಸರಿಯಿದ್ದಾಗ ನನ್ನದು ಮೂರೂವರೆ ಸುತ್ತು. ಅದು ಐದಕ್ಕೆ ಏರಿದರೆ ಎಲ್ಲೋ ಒಳಗೇ ಆಯಿಲ್ ಹಾಯ್ದುಹೋಗುತ್ತಿದೆ ಅಂತ ಅರ್ಥ. ಗಾಡಿ ಚೆನ್ನಾಗಿರುವಾಗಲೇ ಈ ಸುತ್ತು ಎಣಿಸಿ ಬರೆದಿಟ್ಟುಕೊಳ್ಳಿ.

ಮುಂದಿನ ಆಕ್ಸಲ್ಲಿಗೆ ಜಾಕ್ ಕೊಟ್ಟು, ಕೆಳಗೆ ಗಟ್ಟಿ ಮರದ ತುಂಡು ಇಟ್ಟು, ಸಿಲಿಂಡರಿನ ಒಂದು ತುದಿಯ ಪಿನ್ ಬಿಚ್ಚಿ ಚಕ್ರವನ್ನು ಕೈಯಲ್ಲೇ ತಿರುಗಿಸಿ ನೋಡುತ್ತೇನೆ. ಸಲೀಸಾಗಿ ತಿರುಗದಿದ್ದರೆ ಹೈಡ್ರಾಲಿಕ್ಕಿನ ತಪ್ಪೇ ಅಲ್ಲ. ಕೇಜ್ ವೀಲ್ ಹಾಕಿ ಕೆಸರುಗದ್ದೆಗೆ ಇಳಿದ ಗಾಡಿಯಲ್ಲಿ ಕಿಂಗ್ ಪಿನ್ (ಮುಂದಿನ ಚಕ್ರ ಎಡಬಲ ತಿರುಗುವ ಪಿನ್) ಬುಷ್ಷಿನೊಳಗೆ ಮಣ್ಣು ಸೇರಿ ಗ್ರೀಸ್ ಗಟ್ಟಿಯಾಗಿರುತ್ತದೆ. ನಿಪ್ಪಲ್ಲಿಗೆ ಗನ್ ಒತ್ತಿದರೆ ಹಳೆ ಗ್ರೀಸ್ ಬುಷ್ಷಿನ ಕೆಳಗಿನಿಂದ ಹೊರಬರಬೇಕು. ನಿಪ್ಪಲ್ಲಿನ ಪಕ್ಕದಲ್ಲೇ ವಾಪಸ್ ಬಂದರೆ ದಾರಿ ಕಟ್ಟಿದೆ. ಪಿನ್ ಇಳಿಸಿ, ಡೀಸೆಲ್‌ನಲ್ಲಿ ತೊಳೆದು, ಥ್ರಸ್ಟ್ ಬೇರಿಂಗ್ ನೋಡಬೇಕು. ಮುಂದಿನ ಟೈರಿನಲ್ಲಿ ಗಾಳಿ ಕಡಿಮೆಯಿದ್ದರೂ ಬಿಗಿ ಬರುತ್ತದೆ.

ಆಮೇಲೆ ಆಯಿಲ್. ಒಂದು ಗಾಜಿನ ಲೋಟಕ್ಕೆ ತೆಗೆದು ಅರ್ಧ ಗಂಟೆ ಬಿಡಿ. ನೊರೆ ಒಡೆದು ತಿಳಿಯಾದರೆ ಗಾಳಿ ಸೇರಿದೆ. ಹಾಲು ಹಾಕಿದ ಕಾಫಿಯ ಬಣ್ಣ ಹಾಗೇ ನಿಂತರೆ ನೀರು ಸೇರಿದೆ, ಮುಚ್ಚಳದ ಬ್ರೀದರಿನಿಂದಲೋ ಸಿಲಿಂಡರಿನ ರಾಡ್ ಸೀಲಿನಿಂದಲೋ. ಕೆಲವು ಗಾಡಿಗೆ ಎಟಿಎಫ್ (ಆಟೋಮ್ಯಾಟಿಕ್ ಗೇರ್‌ಬಾಕ್ಸಿನ ಆಯಿಲ್), ಕೆಲವಕ್ಕೆ ಹೈಡ್ರಾಲಿಕ್ 68, ಕೆಲವಕ್ಕೆ ಟ್ರಾನ್ಸ್‌ಮಿಷನ್ನಿನ ಆಯಿಲೇ ಹಾಕಬೇಕು. ಕೈಪಿಡಿಯಲ್ಲಿ ಇದ್ದದ್ದೇ ಹಾಕಿ. ಕೈಗೆ ಸಿಕ್ಕಿತು ಅಂತ ಬ್ರೇಕ್ ಆಯಿಲನ್ನು ಮಾತ್ರ ಎಂದಿಗೂ ಹಾಕಬೇಡಿ. ರಬ್ಬರ್ ಸೀಲುಗಳು ಉಬ್ಬಿ ಮೆತ್ತಗಾಗುತ್ತವೆ, ಇಡೀ ವ್ಯವಸ್ಥೆ ಬಿಚ್ಚಬೇಕಾಗುತ್ತದೆ.

ಹೊರಗೆ ಎಲ್ಲೂ ಸೋರಿಕೆ ಇಲ್ಲ, ಆದರೂ ಟ್ಯಾಂಕಿನ ಆಯಿಲ್ ಇಳಿಯುತ್ತಲೇ ಇದೆಯೇ? ಎಂಜಿನ್ನಿನ ಡಿಪ್ ಸ್ಟಿಕ್ ಎಳೆದು ನೋಡಿ. ಮಟ್ಟ ಏರಿದ್ದರೆ ಪಂಪ್ ಶಾಫ್ಟಿನ ಸೀಲ್ ಹೋಗಿ ಸ್ಟೇರಿಂಗ್ ಆಯಿಲ್ ಟೈಮಿಂಗ್ ಕವರಿನೊಳಗೆ ಇಳಿಯುತ್ತಿದೆ. ಇದನ್ನು ಹಾಗೇ ಬಿಟ್ಟರೆ ಎಂಜಿನ್ ಆಯಿಲ್ ತೆಳುವಾಗಿ ಎಂಜಿನ್ನಿನ ಬೇರಿಂಗಿಗೇ ಏಟು.

ಪಂಪ್ ಕೂಗುತ್ತಿದ್ದರೆ ಟ್ಯಾಂಕಿನಿಂದ ಪಂಪಿಗೆ ಬರುವ ಸಕ್ಷನ್ ಪೈಪಿನ ಮೇಲೆ ನನ್ನ ಅನುಮಾನ. ಈ ಪೈಪ್ ಆಯಿಲನ್ನು ಹೊರಗೆ ಸೋರುವುದಕ್ಕಿಂತ ಗಾಳಿಯನ್ನು ಒಳಗೆ ಎಳೆಯುತ್ತದೆ, ಅದಕ್ಕೇ ಕಣ್ಣು ತಪ್ಪಿಸುತ್ತದೆ. ಎಂಜಿನ್ ಓಡುವಾಗ ಕ್ಲಿಪ್ಪಿನ ಸುತ್ತ ಸ್ವಲ್ಪ ಗ್ರೀಸ್ ಮೆತ್ತಿ ನೋಡಿ. ಕೂಗು ತಗ್ಗಿದರೆ ಗಾಳಿ ಎಳೆಯುವ ಜಾಗ ಅದೇ. ಬೆಲ್ಟು, ಗೇರು, ಫ್ಯಾನಿನಿಂದ ಕೈ ಮತ್ತು ಬಟ್ಟೆ ದೂರ ಇರಲಿ. ಹೊರಗೆ ಹೊಸದರಂತೆ ಕಾಣುವ ಪೈಪನ್ನೂ ನಂಬಬೇಡಿ. ನಾನು ತೆಗೆದ ಒಂದನ್ನು ಬ್ಲೇಡಿನಿಂದ ಉದ್ದಕ್ಕೆ ಸೀಳಿದಾಗ ಒಳಪದರ ಬಿಟ್ಟುಕೊಂಡು ನಾಲಿಗೆಯ ಹಾಗೆ ಜೋತುಬಿದ್ದಿತ್ತು. ಪಂಪ್ ಎಳೆದಾಗ ಆ ನಾಲಿಗೆ ಎದ್ದು ದಾರಿ ಮುಚ್ಚುತ್ತದೆ, ಎಂಜಿನ್ ನಿಂತ ಕೂಡಲೇ ಮಲಗುತ್ತದೆ. ಈ ಪೈಪಿನ ಬೆಲೆ ಪಂಪಿನ ಮುಂದೆ ಏನೇನೂ ಅಲ್ಲ. ಸಾದಾ ನೀರಿನ ಪೈಪ್ ಹಾಕಬೇಡಿ, ಆಯಿಲ್ ತಡೆಯುವ, ಹೀರಿದರೆ ಚಪ್ಪಟೆಯಾಗದ ಪೈಪೇ ಬೇಕು. ಇದರ ಜೊತೆಗೇ ಟ್ಯಾಂಕಿನ ಫಿಲ್ಟರ್ ಬದಲಿಸಿ.

ಇಷ್ಟಾದರೂ ಬಿಗಿ ಹೋಗದಿದ್ದರೆ ಮಾತ್ರ ಒತ್ತಡದ ಪರೀಕ್ಷೆ. ಪಂಪಿನ ಪ್ರೆಷರ್ ಲೈನಿಗೆ ಟೀ (ಮೂರು ಬಾಯಿಯ ಜೋಡಣೆ) ಹಾಕಿ 250 ಬಾರ್ ಗೇಜ್ ಕೂರಿಸುತ್ತೇನೆ. ಆಯಿಲ್ ಬಿಸಿಯಾದ ಮೇಲೆ ಸ್ಟೇರಿಂಗನ್ನು ತುದಿಗೆ ತಿರುಗಿಸಿ ಹಿಡಿದು ಗೇಜ್ ಓದುವುದು, ಐದು ಸೆಕೆಂಡಿಗಿಂತ ಹೆಚ್ಚು ಹಿಡಿಯಬಾರದು. ಇಂಥ ಗಾಡಿಗಳಲ್ಲಿ ರಿಲೀಫ್ (ಒತ್ತಡ ಮಿತಿ ಮೀರದಂತೆ ವಾಲ್ವ್ ತೆರೆಯುವ ಅಂಕಿ) ಸಾಮಾನ್ಯವಾಗಿ 100ರಿಂದ 150 ಬಾರ್ ನಡುವೆ, ಸರಿಯಾದ ಅಂಕಿ ಕೈಪಿಡಿಯಲ್ಲಿ ಇರುತ್ತದೆ. ರೇಸ್ ಕೊಟ್ಟಾಗ ಮಾತ್ರ ಅಲ್ಲಿಗೆ ಮುಟ್ಟಿದರೆ ಪಂಪ್ ಸವೆದಿರುವ ಸಾಧ್ಯತೆ ಹೆಚ್ಚು. ಎಷ್ಟು ರೇಸ್ ಕೊಟ್ಟರೂ ಒಂದೇ ಕಡಿಮೆ ಅಂಕಿಯಲ್ಲಿ ನಿಂತರೆ ರಿಲೀಫ್ ವಾಲ್ವಿನ ಸ್ಪ್ರಿಂಗ್ ಸೋತಿದೆ, ಇಲ್ಲವೇ ಸೀಟಿನಲ್ಲಿ ಕಸ ಸಿಕ್ಕಿದೆ. ಬಿಗಿ ಹೋಗಲೆಂದು ರಿಲೀಫನ್ನು ಅಂಕಿ ಮೀರಿ ಏರಿಸಬೇಡಿ, ಪೈಪ್ ಸಿಡಿಯುತ್ತದೆ. ಸೋರಿಕೆ ಹುಡುಕಲು ಕೈ ಸವರುವುದೂ ಬೇಡ, ಕೂದಲಿನಷ್ಟು ತೆಳು ಆಯಿಲ್ ಎಳೆ ಚರ್ಮ ತೂರಿ ಒಳಹೋಗುತ್ತದೆ. ರಟ್ಟಿನ ತುಂಡು ಹಿಡಿಯಿರಿ.

ಸಿಲಿಂಡರೋ ಯೂನಿಟ್ಟೋ ಅಂತ ಬೇರ್ಪಡಿಸುವುದು ಹೀಗೆ. ಚಕ್ರ ಪೂರ್ತಿ ಒಂದು ಕಡೆ ತಿರುಗಿಸಿ ಎಂಜಿನ್ ನಿಲ್ಲಿಸಿ. ಹಾಗೆ ತಿರುಗಿಸಿದಾಗ ಸಿಲಿಂಡರಿನಿಂದ ಆಯಿಲ್ ವಾಪಸ್ ಬರುವ ಪೈಪ್ ಬಿಚ್ಚಿ, ಪೈಪಿನ ಬಾಯಿಗೆ ಪ್ಲಗ್ ಹಾಕಿ, ಸಿಲಿಂಡರಿನ ಬಾಯಿ ಕೆಳಗೆ ಬಾಟಲಿ ಹಿಡಿಯಿರಿ. ಎಂಜಿನ್ ಐಡಲ್‌ನಲ್ಲಿಟ್ಟು ಅದೇ ಕಡೆಗೆ ಸ್ಟೇರಿಂಗ್ ಒತ್ತಿದರೆ ನಾಲ್ಕು ಹನಿ ಬಂದು ನಿಲ್ಲಬೇಕು. ಧಾರೆ ಕಟ್ಟಿದರೆ ಪಿಸ್ಟನ್ ಸೀಲ್ ಹೋಗಿದೆ. ರಾಡನ್ನೂ ಉಗುರಿನಿಂದ ಗೀರಿ ನೋಡಿ. ಉಗುರು ಸಿಕ್ಕಿಕೊಳ್ಳುವಷ್ಟು ಕ್ರೋಮ್ ಎದ್ದಿದ್ದರೆ ಹೊಸ ಸೀಲನ್ನೂ ಅದು ಬೇಗ ಹರಿಯುತ್ತದೆ. ಮೊದಲು ರಾಡಿಗೆ ಹಾರ್ಡ್ ಕ್ರೋಮ್ ಮಾಡಿಸಿ.

ಸಿಲಿಂಡರ್ ಸರಿಯಿದ್ದರೆ ಅದಕ್ಕೆ ಹೋಗುವ ಎರಡೂ ಪೈಪಿಗೆ ಪ್ಲಗ್ ಹಾಕಿ ಐಡಲ್‌ನಲ್ಲಿ ಸ್ಟೇರಿಂಗನ್ನು ಮೆಲ್ಲಗೆ ತಿರುಗಿಸಿ. ಸ್ವಲ್ಪ ಹೋಗಿ ಗಟ್ಟಿಯಾಗಿ ನಿಂತರೆ ಯೂನಿಟ್ ಚೆನ್ನಾಗಿದೆ. ಒಂದೇ ಕೈಯಲ್ಲಿ ಸುತ್ತುತ್ತಲೇ ಹೋದರೆ ಅದರ ಒಳಗೆ ಸೋರಿಕೆ. ಕೈ ಬಿಟ್ಟ ಮೇಲೂ ಗಾಡಿ ಒಂದು ಕಡೆ ಎಳೆಯುತ್ತಿದ್ದರೆ ಯೂನಿಟ್ಟಿನ ಒಳಗಿನ ಪಟ್ಟಿ ಸ್ಪ್ರಿಂಗುಗಳು ಮುರಿದಿರಬಹುದು. ಕಾಲಮ್ಮಿನ ಬುಡದಲ್ಲಿ ಆಯಿಲ್ ಇಳಿಯುತ್ತಿದ್ದರೆ ಮೇಲಿನ ಸೀಲ್ ಬದಲಿಸುವ ಮೊದಲು ರಿಟರ್ನ್ ಪೈಪ್ ಎಲ್ಲಾದರೂ ಮಡಚಿದೆಯೇ ನೋಡಿ. ವಾಪಸ್ ದಾರಿ ಕಟ್ಟಿದರೆ ಹೊಸ ಸೀಲನ್ನೂ ಆ ಒತ್ತಡ ತಳ್ಳಿ ಎಬ್ಬಿಸುತ್ತದೆ.

ಯೂನಿಟ್ ಬಿಚ್ಚುವುದಾದರೆ ಶುದ್ಧ ಜಾಗ ಬೇಕು. ಕವರ್, ಗೇರ್ ಸೆಟ್, ಬಾಡಿ ಮೂರಕ್ಕೂ ಸೇರುವಂತೆ ಗುರುತು ಗೀರಿ, ಒಳಶಾಫ್ಟಿಗೂ ಗೇರಿಗೂ ಚುಕ್ಕೆ ಹಾಕಿ. ಆ ಜೋಡಣೆ ತಪ್ಪಿದರೆ ಎಂಜಿನ್ ಸ್ಟಾರ್ಟ್ ಆದ ಕ್ಷಣ ಸ್ಟೇರಿಂಗ್ ತಾನೇ ಗಿರಗಿರ ತಿರುಗಿ ಕೈ ಮುರಿಯಬಲ್ಲದು. ಮೊದಲ ಸ್ಟಾರ್ಟಿಗೆ ಸ್ಟೇರಿಂಗ್ ಒಳಗೆ ಕೈ ಇಡಬೇಡಿ. ಹಲವು ಯೂನಿಟ್ಟುಗಳಲ್ಲಿ ಒಂದು ಬೋಲ್ಟಿನ ರಂಧ್ರದಲ್ಲಿ ಸಣ್ಣ ಉಕ್ಕಿನ ಗುಂಡು ಇರುತ್ತದೆ, ಅದರ ಬೋಲ್ಟೂ ಬೇರೆ ತರಹದ್ದು. ಆ ಗುಂಡು ಬಿದ್ದುಹೋದರೆ ಎಂಜಿನ್ ನಿಂತಾಗ ಗಾಡಿಯನ್ನು ತಿರುಗಿಸಲು ಆಗುವುದಿಲ್ಲ. ಬೋಲ್ಟುಗಳನ್ನು ಎದುರುಬದುರಾಗಿ ಸುಮಾರು 30 ನ್ಯೂಟನ್ ಮೀಟರಿಗೆ ಬಿಗಿಯುತ್ತೇನೆ. ಗೇರ್ ಸೆಟ್ಟಿನಲ್ಲೇ ಗೀರು ಬಿದ್ದಿದ್ದರೆ ಸೀಲ್ ಕಿಟ್ ತಂದು ಉಪಯೋಗವಿಲ್ಲ, ಯೂನಿಟ್ಟೇ ಬದಲಾಗಬೇಕು.

ಕೊನೆಗೆ ಗಾಳಿ ತೆಗೆಯುವುದು. ಮುಂದಿನ ಚಕ್ರ ನೆಲದಿಂದ ಎತ್ತಿ, ಐಡಲ್‌ನಲ್ಲಿ ಹತ್ತು ಸಲ ಆ ತುದಿ ಈ ತುದಿ ನಿಧಾನ ತಿರುಗಿಸಿ, ತುದಿಯಲ್ಲಿ ಒತ್ತಿ ಹಿಡಿಯದೆ. ಇನ್ನೊಬ್ಬರು ಟ್ಯಾಂಕಿನ ಬಳಿ ನಿಂತು ಮಟ್ಟ ಇಳಿದ ಹಾಗೆ ಆಯಿಲ್ ಹಾಕುತ್ತಿರಬೇಕು. ಎಂಜಿನ್ ನಿಲ್ಲಿಸಿದ ಕೂಡಲೇ ಟ್ಯಾಂಕಿನ ಮಟ್ಟ ಮೇಲೆದ್ದರೆ ಒಳಗೆ ಇನ್ನೂ ಗಾಳಿ ಇದೆ, ಹತ್ತು ನಿಮಿಷ ಬಿಟ್ಟು ಮತ್ತೆ ತಿರುಗಿಸಿ. ಒಂದು ದಿನದ ಕೆಲಸ ಆದ ಮೇಲೆ ಎಲ್ಲ ಕ್ಲಿಪ್ಪುಗಳಿಗೆ ಅರ್ಧ ಸುತ್ತು ಬಿಗಿ ಕೊಟ್ಟು, ಸುತ್ತುಗಳನ್ನು ಮತ್ತೆ ಎಣಿಸಿ ನೋಡಿ.