ಉಂಗುರದ ಬಾತು ಸಿಕ್ಕ ದಿನ

ಆ ಗಂಡು ಸೂಜಿಬಾಲದ ಬಾತು ಬಿದ್ದದ್ದು ಬದುವಿನಾಚೆಯ ಜೊಂಡಿನಲ್ಲಿ. ಹೊಡೆದವನು ನಾನು, ಹುಡುಕಿದ್ದು ಗೆಳೆಯನ ಲ್ಯಾಬ್ರಡಾರ್.

ಕ್ಯಾಲಿಫೋರ್ನಿಯಾದ ಸ್ಯಾಕ್ರಮೆಂಟೊ ಕಣಿವೆಯಲ್ಲಿ ಭತ್ತದ ಕೊಯ್ಲಾದ ಮೇಲೆ ಗದ್ದೆಗೆ ನೀರು ನಿಲ್ಲಿಸುತ್ತಾರೆ. ಹುಲ್ಲು ಸುಡುವುದಕ್ಕೆ 1991ರ ಕಾನೂನು ಕಡಿವಾಣ ಹಾಕಿತು. ಕೂಳೆ ಕೊಳೆಯಲಿ ಎಂದು ರೈತರು ನೀರಿನ ದಾರಿ ಹಿಡಿದರು. ಉದುರಿದ ಕಾಳಿಗೆ ಬಾತುಗಳು ಹಿಂಡುಹಿಂಡಾಗಿ ಇಳಿಯುತ್ತವೆ. ಬೇಟೆಗೆ ಪರವಾನಗಿ ಬೇಕು, ಮೇಲೆ ಬಾತು ಬೇಟೆಗೆಂದು ಸರ್ಕಾರ ಮಾರುವ 25 ಡಾಲರಿನ ಚೀಟಿ, ಡಕ್ ಸ್ಟಾಂಪ್, ಬೇಕು. ಸೀಸದ ಚರೆ ಕೂಡದು, ಉಕ್ಕಿನಂಥ ವಿಷವಿಲ್ಲದ್ದೇ ಆಗಬೇಕು. ಕೆಸರಿನಲ್ಲಿ ಉಳಿದ ಸೀಸವನ್ನು ನುಂಗಿ ಬಾತುಗಳು ಸಾಯುತ್ತಿದ್ದವು.

ರೆಕ್ಕೆ ಮುರಿದ ಬಾತು ಬಿದ್ದಲ್ಲೇ ಇರುವುದಿಲ್ಲ. ಕೊಕ್ಕಷ್ಟೇ ಮೇಲಿಟ್ಟು, ಮೈಯೆಲ್ಲ ಮುಳುಗಿಸಿ ಸದ್ದಿಲ್ಲದೆ ಸರಿದುಬಿಡುತ್ತದೆ. ಅದಕ್ಕೇ ಬಿದ್ದ ಜಾಗದಿಂದ ನಾನು ಕಣ್ಣು ಕೀಳಲಿಲ್ಲ. ಅದರ ನೇರಕ್ಕೆ ದೂರದಲ್ಲೊಂದು ಕರೆಂಟ್ ಕಂಬ ಗುರುತು ಮಾಡಿಕೊಂಡು ನಡೆದೆ. ತಲೆ ಮೇಲೆ ಇನ್ನೊಂದು ಗುಂಪು ಹಾದರೂ ಬಂದೂಕು ಎತ್ತುವಂತಿಲ್ಲ ಎಂಬುದು ನಮ್ಮಿಬ್ಬರ ಕರಾರು. ಬಿದ್ದ ಹಕ್ಕಿಯನ್ನು ತಕ್ಕಮಟ್ಟಿಗೆ ಹುಡುಕಲೇಬೇಕು ಎಂದು ಇಲ್ಲಿನ ಕಾನೂನೂ ಹೇಳುತ್ತದೆ. ಗಾಳಿಗೆ ಎದುರಾಗಿ ನಾಯಿಯನ್ನು ಬಿಟ್ಟೆವು. ಜೊಂಡು ಅಲುಗಿತು, ನಿಂತಿತು, ಮತ್ತೆ ಅಲುಗಿತು. ಕೊನೆಗೆ ಬಾತನ್ನು ಬಾಯಲ್ಲಿ ಕಚ್ಚಿಕೊಂಡು ಬಂತು.

ಕೆಸರು ಮೆತ್ತಿದ ಬೂದು ಕಾಲನ್ನು ಹೆಬ್ಬೆರಳಿನಿಂದ ಉಜ್ಜಿದಾಗ, ಹಕ್ಕಿಗಳ ಗುರುತಿಗೆಂದು ಸಂಶೋಧಕರು ನಂಬರು ಹಾಕಿ ತೊಡಿಸುವ ಅಲ್ಯೂಮಿನಿಯಂ ಉಂಗುರ ಮಿಂಚಿತು. ಒಂದು ಬದಿಯ ಅಂಕಿಗಳು ಸವೆದಿದ್ದವು. ಉಂಗುರ ಬಿಚ್ಚುವ ಮೊದಲೇ ತಿರುಗಿಸಿ ತಿರುಗಿಸಿ ಫೋಟೊ ತೆಗೆದುಕೊಂಡೆ. ಆಮೇಲೆ ಇಕ್ಕಳ ಹಾಕಿದಾಗ ಅಂಕಿ ಕೆಟ್ಟರೆ ಯಾರನ್ನು ಕೇಳುವುದು?

ಬಾತು ಕರೆಯುವ ಪೀಪಿಯ ದಾರಕ್ಕೆ ಇಂಥ ಉಂಗುರಗಳನ್ನು ಪೋಣಿಸಿಕೊಂಡು ಮೆರೆಯುವವರಿದ್ದಾರೆ. ಪೋಣಿಸಲಿ, ಉಂಗುರ ಸಿಕ್ಕವರದೇ. ಆದರೆ ನಂಬರನ್ನು ಈ ಉಂಗುರಗಳ ಲೆಕ್ಕ ಇಡುವ ಸರ್ಕಾರಿ ಕಚೇರಿ ಬರ್ಡ್ ಬ್ಯಾಂಡಿಂಗ್ ಲ್ಯಾಬೊರೇಟರಿಗೆ ತಿಳಿಸದೆ ಪೋಣಿಸಿದರೆ ನನಗೆ ಸಿಟ್ಟು ಬರುತ್ತದೆ. ಉಂಗುರ ತೊಟ್ಟ ಬಾತುಗಳಲ್ಲಿ ನೂರಕ್ಕೆ ಎಷ್ಟು ಬೇಟೆಯಾದವು ಎಂದು ಗೊತ್ತಾದರೆ, ಆ ವರ್ಷ ಬೇಟೆಯಾದ ಒಟ್ಟು ಬಾತುಗಳ ಲೆಕ್ಕದಿಂದ ಇಡೀ ಸಂತತಿಯನ್ನು ಅಂದಾಜು ಮಾಡಬಹುದು. ಅಮೆರಿಕದ ಪಕ್ಷಿತಜ್ಞ ಫ್ರೆಡರಿಕ್ ಲಿಂಕನ್ 1930ರಲ್ಲಿ ಮುಂದಿಟ್ಟ ಲೆಕ್ಕ ಇದು. ಉಂಗುರಗಳನ್ನು ಮುಚ್ಚಿಟ್ಟುಕೊಂಡರೆ ಬೇಟೆ ಕಮ್ಮಿ, ಬಾತು ಜಾಸ್ತಿ ಎಂದು ತಪ್ಪು ಉತ್ತರ ಬರುತ್ತದೆ.

ರಿಪೋರ್ಟ್‌ಬ್ಯಾಂಡ್ ಡಾಟ್ ಗವ್ ತಾಣದಲ್ಲಿ ನಂಬರು, ದಿನ, ಜಾಗ, ಹೊಡೆದದ್ದೋ ಸತ್ತು ಸಿಕ್ಕಿದ್ದೋ ಎಂಬುದನ್ನೆಲ್ಲ ತುಂಬಿದೆ. ಬಂದ ಪ್ರಮಾಣಪತ್ರದಲ್ಲಿ ಬಾತಿನ ಜಾತಕವೇ ಇತ್ತು: ಗಂಡು, ಉಂಗುರ ತೊಡಿಸಿದಾಗ ಆ ವರ್ಷದ ಮರಿ, ಜಾಗ ಕೆನಡಾದ ಆಲ್ಬರ್ಟಾ, ತಿಂಗಳು ಆಗಸ್ಟ್.

ಫೋನಿನಲ್ಲಿ ಹೇಳಿದರೆ ಅವ್ವ, "ಅಷ್ಟ್ ದೂರದಿಂದ ಹಾರಿ ಬಂದದ್ದನ್ನ ಹೊಡದ್ಯಲ್ಲೋ ತಮ್ಮಾ!" ಅಂದಳು. ನಮ್ಮ ಗದಗ ಕಡೆ ಮಾಗಡಿ ಕೆರೆಗೆ ಪಟ್ಟೆತಲೆ ಹೆಬ್ಬಾತುಗಳು ಬಂದರೆ ಜನ ನೋಡಲು ಹೋಗುತ್ತಾರೆ. ಬೇಟೆಯಂತೂ 1972ರ ಕಾನೂನಿನ ಪ್ರಕಾರ ಅಪರಾಧ. ನಾನು ವಾದಕ್ಕೆ ಇಳಿಯಲಿಲ್ಲ.

ಈ ಸಲ ಅಮೆರಿಕದ ವನ್ಯಜೀವಿ ಇಲಾಖೆಯಿಂದ ರೆಕ್ಕೆ ಕಳಿಸುವ ಲಕೋಟೆಗಳೂ ಬಂದಿವೆ. ಆಯ್ದ ಬೇಟೆಗಾರರು ಹೊಡೆದ ಪ್ರತಿ ಬಾತಿನ ಒಂದೊಂದು ರೆಕ್ಕೆ ಅಂಚೆಗೆ ಹಾಕಬೇಕು. ಗರಿ ನೋಡಿಯೇ ವಯಸ್ಸು, ಗಂಡು ಹೆಣ್ಣು ಹೇಳುವ ಪರಿಣತರು ಅಲ್ಲಿದ್ದಾರೆ. ಅಂಚೆ ಖರ್ಚು ಅವರದೇ.